ವಜೀರನ ಮುಖ

ಮೊಬೈಲಿನಲ್ಲಿ ಆಟವಾಡುವ ಮಕ್ಕಳನ್ನು ಕೂರಿಸಿಕೊಂಡು ‘ಒಬ್ಬ ವಜೀರನ ಚಿತ್ರ ಬರೆಯಿರಿ’ ಎಂದು ಹೇಳಿ ನೋಡಿ. ಬಹುತೇಕ ಎಲ್ಲರೂ ಒಂದೇ ಚಿತ್ರ ಬರೆಯುತ್ತಾರೆ. ಉದ್ದ ಮುಖ, ಮೊನಚು ಗಡ್ಡ, ಮೇಲೇರಿದ ಹುಬ್ಬು, ತಲೆಯ ಮೇಲೆ ಭಾರೀ ಪೇಟ, ಕಾಲು ಮುಚ್ಚುವ ನಿಲುವಂಗಿ. ಹೆಸರು ಕೇಳಿದರೆ ‘ಜಾಫರ್’ ಎಂಬ ಉತ್ತರ ಬರುತ್ತದೆ. ಅವನ ಕೆಲಸವೇನು ಎಂದರೆ, ಸುಲ್ತಾನನಿಗೆ ದ್ರೋಹ ಬಗೆಯುವುದು, ರಾಜಕುಮಾರಿಯನ್ನು ಸೆರೆಯಲ್ಲಿಡುವುದು.

ಮಕ್ಕಳದೇನೂ ತಪ್ಪಿಲ್ಲ, ಅವರು ನೋಡಿದ್ದೇ ಇಂಥ ವಜೀರನನ್ನು. ಆದರೆ ಜಾಫರ್ ಎಂಬ ಹೆಸರಿನ ವಜೀರನೊಬ್ಬ ಚರಿತ್ರೆಯಲ್ಲಿ ನಿಜವಾಗಿ ಬಾಳಿದ್ದ. ಆತ ಸುಲ್ತಾನನಿಗೆ ದ್ರೋಹ ಮಾಡಲಿಲ್ಲ. ಯಾರ ಸೇವೆ ಮಾಡಿದನೋ ಅವರ ಕೈಯಿಂದಲೇ ತಲೆ ಕಳೆದುಕೊಂಡ. ಕೊಲೆಯಾದವನು ಕೊಲೆಗಾರನ ವೇಷದಲ್ಲಿ ನಮ್ಮ ಮಕ್ಕಳ ಅಂಗೈಗೆ ಬಂದು ಕುಳಿತದ್ದು ಹೇಗೆ? ಇದು ಒಂದು ಪಾತ್ರದ ಚಿತ್ರ ಕೈಯಿಂದ ಕೈಗೆ ಸಾಗಿದ ಕತೆ. ಆಟಗಳಿಗೆ ಪಾತ್ರಗಳನ್ನೂ ಊರುಗಳನ್ನೂ ಬರೆದುಕೊಡುವ ಕಲಾವಿದರು ಇಂದು ಬೆಂಗಳೂರಿನಲ್ಲೇ ಇರುವುದರಿಂದ ಈ ಕತೆ ನಮಗೂ ಸಂಬಂಧಪಟ್ಟದ್ದು.

ಬಗ್ದಾದಿನ ಜಾಫರ್

ಜಾಫರ್ ಎಂದರೆ ಅರಬಿಯಲ್ಲಿ ಸಣ್ಣ ಹೊಳೆ. ಅಬಿಸೀನಿಯಾದ ದೊರೆಯ ಮುಂದೆ ನಿಂತು ನಿರಾಶ್ರಿತ ಮುಸ್ಲಿಮರ ಪರವಾಗಿ ಮಾತನಾಡಿದ ಜಾಫರ್ ಬಿನ್ ಅಬೀ ತಾಲಿಬ್‌ರಿಂದ ಹಿಡಿದು ಇಮಾಮ್ ಜಾಫರ್ ಸಾದಿಕ್‌ರವರೆಗೆ ಗೌರವಾನ್ವಿತರು ಹೊತ್ತ ಹೆಸರದು. ನಮ್ಮ ಕತೆಯ ನಾಯಕ ಜಾಫರ್ ಬಿನ್ ಯಹ್ಯಾ ಬರ್ಮಕಿ. ಬರ್ಮಕಿಗಳ ಮೂಲ ಈಗಿನ ಅಫ್ಘಾನಿಸ್ತಾನದ ಬಲ್ಖ್. ಅವರ ಪೂರ್ವಜರು ಅಲ್ಲಿಯ ನವಬಹಾರ್ ಎಂಬ ಬೌದ್ಧ ವಿಹಾರದ ಮುಖ್ಯಸ್ಥರಾಗಿದ್ದರು. ನವಬಹಾರ್ ಎಂಬುದು ಸಂಸ್ಕೃತದ ‘ನವವಿಹಾರ’ವೇ. ಇಸ್ಲಾಮಿಗೆ ಬಂದ ಈ ಮನೆತನ ಅಬ್ಬಾಸಿ ಖಲೀಫರ ಆಡಳಿತದಲ್ಲಿ ಮೇಲೇರಿತು. 786ರಲ್ಲಿ ಹಾರೂನ್ ರಶೀದ್ ಖಲೀಫನಾದಾಗ ಯಹ್ಯಾ ಬರ್ಮಕಿ ವಜೀರನಾದ. ಆತನ ಮಕ್ಕಳಾದ ಫಜ್ಲ್ ಮತ್ತು ಜಾಫರ್ ತಂದೆಯ ಜೊತೆ ರಾಜ್ಯಭಾರ ನೋಡಿಕೊಂಡರು.

ಸುಮಾರು 17 ವರ್ಷ ನಡೆದ ಈ ಆಡಳಿತದಲ್ಲಿ ಬಗ್ದಾದಿಗೆ ಕಾಗದ ತಯಾರಿಕೆ ಬಂತು. ಕಾಗದ ಮಾಡಿಸುವ ಸಲಹೆ ಫಜ್ಲ್‌ನದು ಎಂದು ಇಬ್ನ್ ಖಲ್ದೂನ್ ಬರೆದಿದ್ದಾನೆ. ಯಹ್ಯಾ ಭಾರತದಿಂದ ವೈದ್ಯರನ್ನು ಕರೆಸಿದ. ಅವನ ಆಜ್ಞೆಯಂತೆ ಮಂಕ ಎಂಬ ಭಾರತೀಯ ವೈದ್ಯ ಸುಶ್ರುತ ಸಂಹಿತೆಯನ್ನು ಅನುವಾದಿಸಿದ ಎಂದು ಇಬ್ನ್ ನದೀಮ್‌ನ ‘ಫಿಹ್ರಿಸ್ತ್’ ಹೇಳುತ್ತದೆ.

803ರ ಜನವರಿಯ ಒಂದು ರಾತ್ರಿ ಎಲ್ಲವೂ ಮುಗಿಯಿತು. ಹಾರೂನ್‌ನ ಆಜ್ಞೆಯಂತೆ ಜಾಫರ್‌ನ ತಲೆ ಕಡಿಯಲಾಯಿತು. ದೇಹದ ತುಂಡುಗಳನ್ನು ಬಗ್ದಾದಿನ ಸೇತುವೆಗಳ ಮೇಲೆ ತೂಗುಹಾಕಲಾಯಿತು. ಯಹ್ಯಾ ಮತ್ತು ಫಜ್ಲ್ ಸೆರೆಮನೆಯಲ್ಲಿ ಸತ್ತರು. ಇದರ ಹಿಂದೆ ಪ್ರೇಮಪ್ರಕರಣವಿತ್ತೆಂದು ಜನ ಆಡಿಕೊಂಡರು. ಇಬ್ನ್ ಖಲ್ದೂನ್ ಆ ಮಾತನ್ನು ತಳ್ಳಿಹಾಕಿ, ಬರ್ಮಕಿಗಳ ಕೈಯಲ್ಲಿ ಅಧಿಕಾರ ಅತಿಯಾಗಿ ಸೇರಿದ್ದೇ ಕಾರಣ ಎನ್ನುತ್ತಾನೆ.

‘ಅಲ್ಫ್ ಲೈಲಾ’ದ ಕತೆಗಳಲ್ಲೂ ಜಾಫರ್ ಖಳನಲ್ಲ. ವೇಷ ಮರೆಸಿಕೊಂಡು ರಾತ್ರಿ ಊರು ಸುತ್ತುವ ಹಾರೂನ್‌ನ ಜೊತೆಗಾರ ಅವನು. ಮೂರು ಸೇಬುಗಳ ಕತೆಯಲ್ಲಿ ಮೂರು ದಿನದೊಳಗೆ ಕೊಲೆಗಾರನನ್ನು ಹಿಡಿಯದಿದ್ದರೆ ನಿನ್ನನ್ನೇ ಗಲ್ಲಿಗೇರಿಸುತ್ತೇನೆ ಎಂದು ಖಲೀಫ ಗದರಿಸುತ್ತಾನೆ. ಕುತ್ತಿಗೆ ಸದಾ ಅಪಾಯದಲ್ಲಿರುವ, ಆದರೂ ಒಡೆಯನ ಜೊತೆ ಬಿಡದ ಮನುಷ್ಯ. ಕತೆಗಾರರು ಅವನನ್ನು ಹಾಗೆಯೇ ನೆನಪಿಟ್ಟರು.

ಕಾಯಿ ಮತ್ತು ಎಲೆ

ಪರದೆಗಳು ಬರುವುದಕ್ಕೆ ಬಹಳ ಮೊದಲೇ ವಜೀರ ಆಟಗಳಲ್ಲಿದ್ದ. ನಮ್ಮ ಚತುರಂಗದ ಮಂತ್ರಿ ಇರಾನಿಗೆ ಹೋಗಿ ‘ಫರ್ಜೀನ್’ ಆದ, ಅರೆಂದರೆ ಬುದ್ಧಿವಂತ. ಯುರೋಪಿಗೆ ಹೋದ ಮೇಲೆ ಅದೇ ಕಾಯಿ ರಾಣಿಯಾಯಿತು. ಉರ್ದುವಿನಲ್ಲಿ ಇಂದಿಗೂ ಅದು ವಜೀರನೇ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇರಾನಿನ ನಿಶಾಪುರದ ಒಂದು ಜೊತೆ ಚದುರಂಗದ ಕಾಯಿಗಳಿವೆ. 12ನೇ ಶತಮಾನದವು. ಅವುಗಳಲ್ಲಿ ಯಾವುದಕ್ಕೂ ಕಣ್ಣು ಮೂಗುಗಳಿಲ್ಲ. ಎರಡು ದಂತದಂಥ ಉಬ್ಬಿದ್ದರೆ ಆನೆ, ಮುಂದಕ್ಕೆ ಚಾಚಿದ ಒಂದು ಮೊನೆಯಿದ್ದರೆ ಕುದುರೆ. ಶಾ ಎಂದರೆ ಒಂದು ಸಿಂಹಾಸನದ ಆಕಾರ. ವಜೀರ? ಅದೇ ಸಿಂಹಾಸನ, ಸ್ವಲ್ಪ ಚಿಕ್ಕದು, ಅಷ್ಟೇ. ಜೀವಿಗಳ ರೂಪ ಕೆತ್ತಲು ಹಿಂಜರಿದ ಕುಶಲಕರ್ಮಿ ಕಡಿಮೆ ಗುರುತುಗಳಲ್ಲಿ ಪಾತ್ರ ಹೇಳುವ ದಾರಿ ಕಂಡುಕೊಂಡಿದ್ದ. ವಜೀರನ ಬಗ್ಗೆ ಅವನು ಹೇಳಿದ್ದು ಒಂದೇ ಮಾತು: ದೊರೆಗಿಂತ ಒಂದು ಮೆಟ್ಟಿಲು ಕೆಳಗಿರುವವನು.

ಇನ್ನೊಂದು ಅಂಗೈ ಆಟ ಗಂಜೀಫಾ. 1527ರಲ್ಲಿ ಬಾಬರ್ ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಕಳಿಸಿಕೊಟ್ಟದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಎಂಟು ಬಣ್ಣ, ಪ್ರತಿ ಬಣ್ಣಕ್ಕೆ 12 ಎಲೆ, ಒಟ್ಟು 96 ದುಂಡನೆಯ ಎಲೆಗಳು. ತಾಜ್, ಸಫೇದ್, ಶಂಷೇರ್, ಗುಲಾಮ್, ಚಂಗ್, ಸುರ್ಖ್, ಬರಾತ್, ಕಿಮಾಶ್ ಎಂಬ ಆ ಬಣ್ಣಗಳ ಹೆಸರಿನಲ್ಲೇ ಒಂದು ದರ್ಬಾರಿನ ಇಲಾಖೆಗಳು ಕಾಣುತ್ತವೆ. ಪ್ರತಿ ಬಣ್ಣದಲ್ಲೂ ಒಬ್ಬ ರಾಜ, ಒಬ್ಬ ವಜೀರ, ಉಳಿದವು ಒಂದರಿಂದ ಹತ್ತರವರೆಗಿನ ಅಂಕಿಗಳು. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದಾದರೆ ಇನ್ನರ್ಧದಲ್ಲಿ ಒಂದೇ ದೊಡ್ಡದು. ಅಂಕಿಗಳ ಕ್ರಮ ಹೀಗೆ ತಲೆಕೆಳಗಾದರೂ ವಜೀರನ ಸ್ಥಾನ ಮಾತ್ರ ಬದಲಾಗುವುದಿಲ್ಲ. ಅಕ್ಬರ್ 12 ಬಣ್ಣಗಳ 144 ಎಲೆಗಳ ಆಟಕ್ಕೆ ಹೊಸ ಚಿತ್ರಗಳನ್ನು ಮಾಡಿಸಿದ್ದನ್ನು ಅಬುಲ್ ಫಜಲ್ ‘ಆಯಿನೆ ಅಕ್ಬರಿ’ಯಲ್ಲಿ ವಿವರಿಸುತ್ತಾನೆ. ಅಲ್ಲಿಯೂ ಮೊದಲ ಎಲೆ ರಾಜನದು, ಎರಡನೆಯದು ವಜೀರನದು.

ಈ ಆಟ ನಮ್ಮ ಮೈಸೂರಿಗೂ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳೆಂದರೆ ಪ್ರಾಣ. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಬಗೆಗಳ ವಿವರ, ಎಲೆಗಳ ಮೇಲೆ ಯಾವ ಚಿತ್ರ ಹೇಗಿರಬೇಕೆಂಬ ಸೂಚನೆ ಇದೆ. ಈಗಿನ ಆಟದ ಕಂಪನಿಗಳು ಕಲಾವಿದನ ಕೈಗೆ ಕೊಡುವ ವಿವರಪತ್ರದ ಹಾಗೆಯೇ ಅದು. ದರ್ಬಾರಿಗೆ ದಂತದ ಎಲೆ, ಬಜಾರಿಗೆ ಬಟ್ಟೆ ಕಾಗದಗಳನ್ನು ಅಂಟಿಸಿ ಅರಗು ಹಚ್ಚಿದ ಎಲೆ. ಎರಡರಲ್ಲೂ ಮಂತ್ರಿ ಮರ್ಯಾದಸ್ಥನೇ.

1940ರ ಸಿನಿಮಾ

ಹಾಗಾದರೆ ಮುಖ ಕೆಟ್ಟದ್ದು ಎಲ್ಲಿ? ಅದಕ್ಕೆ ನಾವು ಸಿನಿಮಾದ ಕಡೆ ತಿರುಗಬೇಕು. 1940ರಲ್ಲಿ ಅಲೆಕ್ಸಾಂಡರ್ ಕೋರ್ಡಾ ನಿರ್ಮಿಸಿದ ‘ದ ಥೀಫ್ ಆಫ್ ಬಗ್ದಾದ್’ ತೆರೆಗೆ ಬಂತು. ಲಂಡನ್ನಿನಲ್ಲಿ ಶುರುವಾದ ಚಿತ್ರೀಕರಣ ಯುದ್ಧದ ಕಾರಣಕ್ಕೆ ಹಾಲಿವುಡ್‌ನಲ್ಲಿ ಮುಗಿಯಿತು. ಬಣ್ಣದ ಛಾಯಾಗ್ರಹಣ, ಕಲಾನಿರ್ದೇಶನ ಮತ್ತು ವಿಶೇಷ ದೃಶ್ಯಗಳಿಗೆ ಮೂರು ಆಸ್ಕರ್ ಸಿಕ್ಕವು. ವಿನ್ಸೆಂಟ್ ಕೋರ್ಡಾ ಕಲ್ಪಿಸಿದ ಗುಮ್ಮಟಗಳ, ಗುಲಾಬಿ ನೀಲಿ ಗೋಡೆಗಳ ಆ ನಗರ ಮುಂದೆ ಎಷ್ಟೋ ಚಿತ್ರಕಾರರ ಕಣ್ಣಿನಲ್ಲಿ ‘ಅರಬ್ಬರ ಊರು’ ಎಂದು ನೆಲೆಸಿತು.

ಆ ಸಿನಿಮಾದಲ್ಲಿ ಜಾಫರ್ ಎಂಬ ವಜೀರನಿದ್ದಾನೆ. ಮಾಟಗಾರ. ಯುವ ದೊರೆಯನ್ನು ಪದಚ್ಯುತಗೊಳಿಸಿ, ಕುರುಡನನ್ನಾಗಿ ಮಾಡಿ, ರಾಜಕುಮಾರಿಗಾಗಿ ಹಂಬಲಿಸುವವನು. ಆ ಪಾತ್ರ ಮಾಡಿದವನು ಜರ್ಮನಿಯ ಪ್ರಸಿದ್ಧ ನಟ ಕಾನ್ರಾಡ್ ಫೈಟ್. ಹೆಂಡತಿ ಯಹೂದಿಯಾಗಿದ್ದರಿಂದ ನಾಜಿಗಳು ಬಂದಾಗ ದೇಶ ಬಿಟ್ಟವನು. ಎದುರಿಗಿದ್ದವರನ್ನು ಮರುಳು ಮಾಡುವ ಅವನ ಕಣ್ಣು, ಕಪ್ಪು ಉಡುಪು, ಪೇಟ ಇವು ನೋಡುಗರ ಮನಸ್ಸಿನಲ್ಲಿ ಅಚ್ಚೊತ್ತಿದವು. ಬಗ್ದಾದಿನ ಸೇತುವೆಯ ಮೇಲೆ ತೂಗಿದ್ದ ತಲೆಗೆ ಇನ್ನೊಬ್ಬನ ಮುಖ ಅಂಟಿತು.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಈ ಜಾಫರ್‌ನನ್ನು ಕೊನೆಗೆ ಕೊಲ್ಲುವ ಪುಟ್ಟ ಕಳ್ಳ ಅಬುವಿನ ಪಾತ್ರ ಮಾಡಿದವನು ಸಾಬು. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮುಸ್ಲಿಂ ಹುಡುಗ, ಮಹಾರಾಜರ ಆನೆಗಳ ಮಾವುತನ ಮಗ. 1937ರ ‘ಎಲಿಫೆಂಟ್ ಬಾಯ್’ ಅವನನ್ನು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್‌ಗೆ ಒಯ್ದಿತ್ತು. ಆ ಸಿನಿಮಾ ಬಂದ ವರ್ಷ ಸಾಬುವಿನ ಊರಿನ ರಾಜ್ಯದಲ್ಲಿ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಮೈಸೂರಿನ ಆಡಳಿತ ನಡೆಸಿ, ಬೃಂದಾವನ ಉದ್ಯಾನದಿಂದ ಹಳ್ಳಿಗಳ ವಿದ್ಯುದೀಪದವರೆಗೆ ಹೆಸರು ಉಳಿಸಿದವರು. ಹಿಂದೂ ಮಹಾರಾಜರಿಗೆ ನಿಷ್ಠರಾಗಿದ್ದ ಮುಸ್ಲಿಂ ದಿವಾನರ ನಾಡಿನ ಹುಡುಗ ಪರದೆಯ ಮೇಲೆ ಸುಳ್ಳು ಜಾಫರ್‌ನನ್ನು ಕೊಂದು ಚಪ್ಪಾಳೆ ಗಿಟ್ಟಿಸಿದ!

ಚುಕ್ಕೆಗಳ ಲೆಕ್ಕ

ಸಿನಿಮಾದಿಂದ ಆಟಕ್ಕೆ ಬರೋಣ. ಕಂಪ್ಯೂಟರಿನ ಪರದೆಯ ಮೇಲೆ ಮನುಷ್ಯನನ್ನು ಬರೆಯುವುದು ಮೊದಮೊದಲು ಬಹಳ ಕಷ್ಟದ ಕೆಲಸವಾಗಿತ್ತು. ಚಿತ್ರ ಎಂದರೆ ಚುಕ್ಕೆಗಳ ಸಾಲು. ಚುಕ್ಕೆಗಳು ಬಹಳ ಕಡಿಮೆ. 1981ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ಮುಂದೆ ‘ಮಾರಿಯೊ’ ಎಂದು ಹೆಸರಾದ ಪಾತ್ರವನ್ನು ಬರೆದಾಗ ಅದಕ್ಕೆ ಟೋಪಿ ಹಾಕಿದ, ಏಕೆಂದರೆ ಕೂದಲು ಬರೆಯಲು ಚುಕ್ಕೆಗಳಿರಲಿಲ್ಲ. ಮೀಸೆ ಇಟ್ಟ, ಏಕೆಂದರೆ ಬಾಯಿ ಬರೆಯಲು ಜಾಗವಿರಲಿಲ್ಲ. ಪಾತ್ರದ ವ್ಯಕ್ತಿತ್ವ ಎಂದು ನಾವು ಮೆಚ್ಚಿಕೊಳ್ಳುವುದು ಎಷ್ಟೋ ಸಲ ಚುಕ್ಕೆಗಳ ಬಡತನದಿಂದ ಹುಟ್ಟಿದ್ದು.

ಕತೆಗಾರನಾದ ನನಗೆ ಇದು ಅರ್ಥವಾಗುತ್ತದೆ. ಒಬ್ಬ ಮನುಷ್ಯನನ್ನು ಓದುಗರ ಮುಂದೆ ನಿಲ್ಲಿಸಲು ನನಗೆ ಹತ್ತು ಪುಟಗಳಿವೆ. ಮೊದಲ ಪುಟದಲ್ಲಿ ಕೆಟ್ಟವನಾಗಿ ಕಂಡವನನ್ನು ಒಂಬತ್ತನೇ ಪುಟದಲ್ಲಿ ಅರಿತುಕೊಳ್ಳುವಂತೆ ಮಾಡಬಹುದು. ಆಟದ ಚಿತ್ರಕಾರನಿಗೆ ಇರುವುದು ಒಂದು ಕ್ಷಣ. ಹೆಬ್ಬೆಟ್ಟಿನಷ್ಟು ದೊಡ್ಡ ಆಕೃತಿ ಕಂಡ ಕೂಡಲೇ ಆಡುವವನಿಗೆ ಇವನು ಮಿತ್ರನೋ ಶತ್ರುವೋ ಗೊತ್ತಾಗಬೇಕು. ಆಗ ಅವನು ನೋಡುಗನ ತಲೆಯಲ್ಲಿ ಮೊದಲೇ ಇರುವ ಗುರುತುಗಳನ್ನೇ ಎರವಲು ಪಡೆಯುತ್ತಾನೆ. ಪೇಟ, ಗಡ್ಡ, ಬಾಗಿದ ಕತ್ತಿ. ತಂತ್ರದ ಅಗತ್ಯ ಹೀಗೆ ಹಳೆಯ ಪೂರ್ವಗ್ರಹಕ್ಕೆ ಬಾಗಿಲು ತೆರೆಯುತ್ತದೆ, ಅದೂ ಯಾರ ಮನಸ್ಸಿನಲ್ಲೂ ದ್ವೇಷವಿಲ್ಲದೆ.

ಇದಕ್ಕೆ ಒಳ್ಳೆಯ ನಿದರ್ಶನ ‘ಪ್ರಿನ್ಸ್ ಆಫ್ ಪರ್ಷಿಯಾ’. 90ರ ದಶಕದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರಗಳ ಮೆಟ್ಟಿಲು ಹತ್ತಿದ ನನ್ನ ವಾರಿಗೆಯವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. 1989ರಲ್ಲಿ ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ಯುವಕ ಬಹುಮಟ್ಟಿಗೆ ಒಬ್ಬನೇ ಕೂತು ಮಾಡಿದ ಆಟ. ರಾಜಕುಮಾರ ಓಡುವುದು, ನೆಗೆಯುವುದು, ಅಂಚು ಹಿಡಿದು ತೂಗಾಡುವುದು ನಿಜವಾದ ಮನುಷ್ಯನಂತಿರಬೇಕೆಂದು ಮೆಕ್ನರ್ 1985ರಲ್ಲಿ ತನ್ನ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ ವಿಡಿಯೋ ಮಾಡಿದ. ಒಂದೊಂದು ಭಂಗಿಯನ್ನೂ ಫೋಟೊ ತೆಗೆದು, ಮೈಯ ಅಂಚನ್ನು ಕಪ್ಪು ಮಸಿಯಿಂದಲೂ ಬಿಳಿ ಬಣ್ಣದಿಂದಲೂ ತಿದ್ದಿ ಕಂಪ್ಯೂಟರಿಗೆ ತುಂಬಿದ. ಕತ್ತಿವರಸೆಗೆ 1938ರ ‘ರಾಬಿನ್ ಹುಡ್’ ಸಿನಿಮಾದ ಕಾಳಗವನ್ನು ಆಧಾರ ಮಾಡಿಕೊಂಡ. ಒಂದು ಪರದೆಗೆ ಮೂರು ಅಂತಸ್ತು, ಅಂತಸ್ತಿಗೆ ಹತ್ತು ಚೌಕ. ಕಲ್ಲುಚಪ್ಪಡಿ, ಕಂಬ, ಬಾಗಿಲು, ಮುಳ್ಳಿನ ಗುಂಡಿ ಇಂಥ ಕೆಲವೇ ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಇಡೀ ಸೆರೆಮನೆಯನ್ನೂ ಅರಮನೆಯನ್ನೂ ಕಟ್ಟಿದ.

ಶತ್ರುಗಳ ಚಿತ್ರ ಸೇರಿಸಲು ಯಂತ್ರದ ನೆನಪಿನಲ್ಲಿ ಜಾಗ ಉಳಿಯಲಿಲ್ಲ. ಆಗ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದು ಚುಕ್ಕೆ ಸರಿಸಿ, ಅದರ ಮೇಲೇ ಇಟ್ಟು ಹೊಳೆಯುವ ನೆರಳೊಂದನ್ನು ಮಾಡಿದ. ಆಟದಲ್ಲಿ ಆ ನೆರಳು ರಾಜಕುಮಾರನ ದಾರಿಗೆ ಅಡ್ಡ ಬರುತ್ತದೆ. ಅದನ್ನು ಕತ್ತಿಯಿಂದ ಕೊಂದರೆ ನೀವೇ ಸಾಯುತ್ತೀರಿ. ಕತ್ತಿಯನ್ನು ಒರೆಗೆ ಹಾಕಿ ಎದುರು ನಡೆದರೆ ನೆರಳು ನಿಮ್ಮೊಳಗೆ ಸೇರಿಕೊಳ್ಳುತ್ತದೆ. ಸೂಫಿಗಳು ಕೇಳಿದ್ದರೆ ತಲೆದೂಗುತ್ತಿದ್ದರು.

ಇಷ್ಟು ಸೂಕ್ಷ್ಮವಾದ ಆಟದ ಖಳ ಮಾತ್ರ ಸಿದ್ಧ ಅಚ್ಚಿನಿಂದ ಬಂದವನು. ಸುಲ್ತಾನ ಯುದ್ಧಕ್ಕೆ ಹೋದಾಗ ಅವನ ಮಗಳನ್ನು ಸೆರೆಯಲ್ಲಿಟ್ಟು, ಒಂದು ಗಂಟೆಯೊಳಗೆ ತನ್ನನ್ನು ಮದುವೆಯಾಗು, ಇಲ್ಲವೇ ಸಾಯಿ ಎನ್ನುವ ವಜೀರ. ಹೆಸರು ಜಾಫರ್. 1940ರ ಸಿನಿಮಾದ ಹೆಸರು, ಹುದ್ದೆ, ಅಪರಾಧ ಎಲ್ಲವೂ ಇಲ್ಲಿವೆ. ನೆರಳಿಗೆ ಸಿಕ್ಕ ರಾಜಿಯ ಅವಕಾಶ ವಜೀರನಿಗೆ ಸಿಗಲಿಲ್ಲ.

ಮೂರು ವರ್ಷಕ್ಕೆ, 1992ರಲ್ಲಿ, ಡಿಸ್ನಿಯ ‘ಅಲಾದ್ದೀನ್’ ಬಂತು. ಫ್ರಾನ್ಸಿನ ಗಾಲಾನ್ ಪ್ರಕಟಿಸಿದ ಮೂಲಕತೆಯ ಖಳ ಮಗ್ರಿಬಿನ ಒಬ್ಬ ಮಾಂತ್ರಿಕ. ಡಿಸ್ನಿಯಲ್ಲಿ ಅವನೂ ವಜೀರನೂ ಒಂದಾಗಿ ಮತ್ತೆ ಜಾಫರ್ ಆದ. ಹಾವಿನ ತಲೆಯ ದಂಡ, ತಿರುಚಿದ ಗಡ್ಡ, ಕಡ್ಡಿಯಂಥ ಮೈ. ಚಿತ್ರದ ಆರಂಭದ ಹಾಡಿನ ಒಂದು ಸಾಲನ್ನು ಅರಬ್ ಅಮೆರಿಕನ್ನರು ವಿರೋಧಿಸಿದಾಗ 1993ರ ವಿಡಿಯೋದಲ್ಲಿ ಅದನ್ನು ಬದಲಿಸಲಾಯಿತು. ಹಾಡಿನ ಸಾಲು ಬದಲಾಯಿತು, ಖಳನ ಮುಖ ಬದಲಾಗಲಿಲ್ಲ.

ಜೇಬಿಗೆ ಬಂದ ಊರು

1997ರಲ್ಲಿ ನೋಕಿಯಾ 6110 ಫೋನಿನಲ್ಲಿ ಬಂದ ಹಾವಿನ ಆಟಕ್ಕೆ ಇದ್ದದ್ದು 84ಕ್ಕೆ 48 ಚುಕ್ಕೆಗಳ ಪರದೆ. ಆರೇ ವರ್ಷದಲ್ಲಿ, 2003ರಲ್ಲಿ, ‘ಪ್ರಿನ್ಸ್ ಆಫ್ ಪರ್ಷಿಯಾ’ದ ಹೊಸ ಅವತಾರವಾದ ‘ಸ್ಯಾಂಡ್ಸ್ ಆಫ್ ಟೈಮ್’ ಕಂಪ್ಯೂಟರಿಗೂ ಬಂತು, ಗೇಮ್‌ಲಾಫ್ಟ್ ಕಂಪನಿಯ ಮೂಲಕ ಗುಂಡಿಯ ಫೋನುಗಳಿಗೂ ಬಂತು. ಆ ಕಂಪ್ಯೂಟರ್ ಆಟದ ಕತೆ ಶುರುವಾಗುವುದು ಭಾರತದಲ್ಲಿ. ಪರ್ಷಿಯಾದ ಸೇನೆಗೆ ಮಹಾರಾಜನ ಅರಮನೆಯ ಬಾಗಿಲು ತೆರೆದುಕೊಡುವ ದ್ರೋಹಿ ಯಾರು? ಮಹಾರಾಜನ ವಜೀರ! ಈ ಸಲ ಅವನಿಗೆ ಹೆಸರೂ ಬೇಕಾಗಲಿಲ್ಲ. ವಜೀರ ಎಂದರೆ ಸಾಕು, ಉಳಿದದ್ದು ಆಡುವವನಿಗೆ ಗೊತ್ತು.

ಪಾತ್ರಕ್ಕೆ ಆದದ್ದೇ ಊರುಗಳಿಗೂ ಆಯಿತು. ಆಟದ ನಗರವನ್ನು ಇಡಿಯಾಗಿ ಬರೆಯುವುದಿಲ್ಲ. ಒಂದು ಕಮಾನು, ಒಂದು ಗುಮ್ಮಟ, ಒಂದು ಗೋಡೆ, ಒಂದು ಖರ್ಜೂರದ ಮರ ಎಂದು ಬಿಡಿ ತುಂಡುಗಳನ್ನು ಮಾಡಿ ಮಕ್ಕಳು ಇಟ್ಟಿಗೆ ಜೋಡಿಸುವಂತೆ ಜೋಡಿಸುತ್ತಾರೆ. ಫೋನಿನ ನೆನಪು ಮತ್ತು ಬ್ಯಾಟರಿ ಕಡಿಮೆ, ಆದ್ದರಿಂದ ಒಂದೇ ತುಂಡು ನೂರು ಕಡೆ ಬರಬೇಕು. ಇಂಥ ತುಂಡುಗಳು ಈಗ ಸಿದ್ಧವಾಗಿ ಮಾರಾಟಕ್ಕೂ ಸಿಗುತ್ತವೆ. ಹೀಗಾಗಿ ಕೈರೋ, ಕಾಬೂಲ್, ಬಸ್ರಾ ಎಲ್ಲವೂ ಒಂದೇ ಊರಾಗಿ ಕಾಣುತ್ತವೆ. 2009ರ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಎಂಬ ಕಂಪ್ಯೂಟರ್ ಆಟದ ಕರಾಚಿಯಲ್ಲಿ ಅಂಗಡಿಗಳ ಫಲಕಗಳು ಅರಬಿಯಲ್ಲಿವೆ! ಕರಾಚಿಯ ಬೀದಿಯ ಭಾಷೆ ಉರ್ದು. ಉರ್ದು ಶಾಲೆಯಲ್ಲಿ ಅಲಿಫ್ ಬೇ ತಿದ್ದಿದ ಯಾರಿಗಾದರೂ ಕಣ್ಣಿಗೆ ಹೊಡೆಯುವ ತಪ್ಪು ಇದು. ಚೆಕ್ ಸಂಶೋಧಕ ವಿಟ್ ಶಿಸ್ಲರ್ 2008ರಲ್ಲಿಯೇ ಇಂಥ ಆಟಗಳನ್ನು ಪರಿಶೀಲಿಸಿ, ಅರಬ್ ಮತ್ತು ಮುಸ್ಲಿಂ ಲೋಕವನ್ನು ಅವು ಪೇಟ, ಒಂಟೆ, ಮರಳು ಇಂಥ ಕೆಲವೇ ಗುರುತುಗಳಿಗೆ ಇಳಿಸಿರುವುದನ್ನು ತೋರಿಸಿದ್ದ.

ಸಣ್ಣ ಪರದೆಯಲ್ಲಿ ಬೇರೆ ದಾರಿಯೇ ಇಲ್ಲವೇ? ಇದೆ. 2014ರಲ್ಲಿ ಲಂಡನ್ನಿನ ಅಸ್‌ಟೂ ಎಂಬ ಸಂಸ್ಥೆ ಫೋನಿಗಾಗಿಯೇ ‘ಮಾನ್ಯುಮೆಂಟ್ ವ್ಯಾಲಿ’ ಎಂಬ ಆಟ ಮಾಡಿತು. ಪ್ರತಿ ಪರದೆಯೂ ಗೋಡೆಗೆ ತೂಗುಹಾಕಬಹುದಾದ ಚಿತ್ರದಂತಿರಬೇಕು ಎಂಬುದು ಅದರ ಕಲಾವಿದ ಕೆನ್ ವಾಂಗ್‌ನ ಸಂಕಲ್ಪ. ಗುಮ್ಮಟ, ಕಮಾನು, ಗೋಪುರಗಳ ನಡುವೆ ಐಡಾ ಎಂಬ ಪುಟ್ಟ ರಾಜಕುಮಾರಿ ಕ್ಷಮೆ ಹುಡುಕುತ್ತಾ ನಡೆಯುತ್ತಾಳೆ. ಕೊಲ್ಲಬೇಕಾದ ವಜೀರ ಇಲ್ಲಿಲ್ಲ. ಮೆಟ್ಟಿಲು ಹತ್ತುತ್ತಲೇ ಇಳಿಯುವ ಆ ವಿಚಿತ್ರ ಕಟ್ಟಡಗಳಿಗೆ ಡಚ್ ಚಿತ್ರಕಾರ ಎಶರ್‌ನ ಪ್ರಭಾವ ಇದೆ. ಎಶರ್‌ಗೆ ಆಕಾರಗಳನ್ನು ಬಿಡುವಿಲ್ಲದೆ ಹೆಣೆಯುವ ಹುಚ್ಚು ಹಿಡಿಸಿದ್ದು ಸ್ಪೇನಿನ ಅಲ್‌ಹಂಬ್ರಾ. 1922ರಲ್ಲಿ ಒಮ್ಮೆ, 1936ರಲ್ಲಿ ಮತ್ತೊಮ್ಮೆ ಗ್ರಾನಡಾಕ್ಕೆ ಹೋಗಿ ಅಲ್ಲಿಯ ಗೋಡೆಯ ಅಂಚುಗಳ ವಿನ್ಯಾಸವನ್ನು ಅವನು ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದ. ಮುಸ್ಲಿಂ ಕುಶಲಕರ್ಮಿಗಳ ಲೆಕ್ಕ ಹೀಗೆ ಸುತ್ತಿ ಬಳಸಿ ಫೋನಿಗೆ ಬಂತು.

ಇನ್ನೊಂದು ಉದಾಹರಣೆ 2016ರಲ್ಲಿ ಬಂದ ‘1979 ರೆವಲ್ಯೂಷನ್: ಬ್ಲ್ಯಾಕ್ ಫ್ರೈಡೇ’. ಇದು ಮೊಬೈಲಿನಲ್ಲೂ ಸಿಕ್ಕ ಆಟ. ಮಾಡಿದವನು ನವೀದ್ ಖೋನ್ಸಾರಿ, ಇರಾನಿ ಮೂಲದ ಕೆನಡಾದವನು. ಆಟದ ನಾಯಕ ರಜಾ ಎಂಬ ಫೋಟೊಗ್ರಾಫರ್. ಕ್ರಾಂತಿಯ ದಿನಗಳಲ್ಲಿ ತೆಹ್ರಾನಿನಲ್ಲಿದ್ದ ಫ್ರೆಂಚ್ ಛಾಯಾಗ್ರಾಹಕ ಮಿಶೆಲ್ ಸೆಟ್‌ಬೂನ್‌ನ ಚಿತ್ರಗಳನ್ನು ಮುಂದಿಟ್ಟುಕೊಂಡು ಬೀದಿ, ಗೋಡೆಬರಹ, ಜನರ ಉಡುಪುಗಳನ್ನು ಕಲಾವಿದರು ಕಟ್ಟಿದರು. ಅಲ್ಲಿ ಗಡ್ಡವಿದ್ದವರಲ್ಲಿ ಒಳ್ಳೆಯವರಿದ್ದಾರೆ, ಕೆಟ್ಟವರಿದ್ದಾರೆ, ಹೆದರಿದವರಿದ್ದಾರೆ. ಇರಾನಿನ ಸರಕಾರ ಆ ಆಟವನ್ನು ತಡೆಹಿಡಿಯಿತು. ಸತ್ಯಕ್ಕೆ ಹತ್ತಿರವಾಗಿ ಬರೆದರೆ ಎಲ್ಲ ಕಡೆಯವರಿಗೂ ಇಷ್ಟವಾಗಬೇಕೆಂದೇನೂ ಇಲ್ಲ.

‘ಪ್ರಿನ್ಸ್ ಆಫ್ ಪರ್ಷಿಯಾ’ ಕೂಡ ಸ್ವಲ್ಪ ಬದಲಾಗಿದೆ. 2024ರಲ್ಲಿ ಬಂದು 2025ರಲ್ಲಿ ಮೊಬೈಲಿಗೂ ಇಳಿದ ‘ದ ಲಾಸ್ಟ್ ಕ್ರೌನ್’ನಲ್ಲಿ ಪಾತ್ರಗಳ ಮಾತನ್ನು ಫಾರಸಿಯಲ್ಲೇ ಕೇಳಬಹುದು. ಉರ್ದು ಮಕ್ಕಳ ಕತೆಗಳಲ್ಲಿ ನಾವು ಓದಿದ ಕೋಹೆ ಕಾಫ್ ಪರ್ವತ ಅದರ ಆವರಣ, ಸೀಮುರ್ಗ್ ಹಕ್ಕಿ ಅದರ ಕತೆಯ ಜೀವ. 1989ರಲ್ಲಿ ಆರಂಭವಾದ ಪರ್ಷಿಯಾದ ಆಟ ಪರ್ಷಿಯಾದ ಭಾಷೆ ಆಡಲು 35 ವರ್ಷ ಹಿಡಿಯಿತು.

ಬೀದರಿನ ವಜೀರ

1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಸ್ಥಾಪಿಸಿದರು. ಭಾರತದಲ್ಲಿ ಆಟ ತಯಾರಿಸುವ ಉದ್ಯಮದ ಮೊದಲಿಗರಲ್ಲಿ ಒಬ್ಬರು. ವಿದೇಶಿ ಆಟಗಳಿಗೆ ಬೇಕಾದ ವಾಹನ, ಕಟ್ಟಡ, ಪಾತ್ರಗಳನ್ನು ಇಲ್ಲಿ ಕೂತು ಮಾಡಿಕೊಡುವುದು ಅದರ ಮುಖ್ಯ ಕೆಲಸವಾಯಿತು. 2017ರಲ್ಲಿ ಸ್ವೀಡನ್ನಿನ ಒಂದು ಕಂಪನಿ, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡವು. ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕಾಗಿಯೇ ಕರ್ನಾಟಕ ಸರಕಾರ 2012ರಲ್ಲಿ ಒಂದು ನೀತಿ ತಂದಿತು. ಜಗತ್ತಿನ ಆಟಗಳ ಊರುಗಳನ್ನು ಕಟ್ಟುವ ಮೇಸ್ತ್ರಿಗಳಲ್ಲಿ ನಮ್ಮ ಹುಡುಗ ಹುಡುಗಿಯರೂ ಇದ್ದಾರೆ. ಹೊರಗಿನಿಂದ ವಿವರಪತ್ರ ಬರುತ್ತದೆ. ‘ಅರಬ್ ಶೈಲಿಯ ವಜೀರ, ಖಳ’ ಎಂದಿದ್ದರೆ ಹಾಗೆಯೇ ಮಾಡಿಕೊಡಬೇಕಾಗುತ್ತದೆ. ಆದರೆ ನಾಳೆ ನಮ್ಮವರೇ ಕತೆ ಹೇಳುವ ಆಟ ಮಾಡಹೊರಟರೆ ಅವರ ಮುಂದೆ ಯಾವ ವಜೀರ ಇರಬೇಕು?

ದೂರ ಹೋಗಬೇಕಾಗಿಲ್ಲ, ಬೀದರಿಗೆ ಹೋದರೆ ಸಾಕು. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ವಜೀರನಾದ ಖ್ವಾಜಾ ಮಹಮೂದ್ ಗವಾನ್ 1472ರಲ್ಲಿ ಅಲ್ಲಿ ಮದರಸಾ ಕಟ್ಟಿಸಿದ. ಅವನ ಏಳಿಗೆ ಸಹಿಸದ ಅಮೀರರು ಮುದ್ರೆ ಕಾಯುವವನಿಗೆ ಹೆಂಡ ಕುಡಿಸಿ, ಖಾಲಿ ಕಾಗದದ ಮೇಲೆ ಗವಾನನ ಮುದ್ರೆ ಒತ್ತಿಸಿಕೊಂಡರು. ಅದರಲ್ಲಿ, ಒಡಿಶಾದ ದೊರೆಯನ್ನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಕರೆಯುವ ಸುಳ್ಳು ಪತ್ರ ಬರೆದರು. 1481ರಲ್ಲಿ ಮೂರನೇ ಮುಹಮ್ಮದ್ ಷಾ ವಿಚಾರಣೆಯಿಲ್ಲದೆ, ಎಪ್ಪತ್ತು ದಾಟಿದ ಆ ಮುದುಕನ ತಲೆ ಕಡಿಸಿದ. ಸತ್ಯ ಗೊತ್ತಾದ ಮೇಲೆ ಸುಲ್ತಾನ ಕೊರಗಿ ಒಂದು ವರ್ಷದೊಳಗೆ ತೀರಿಕೊಂಡ. ರಾಜ್ಯ ಚೂರುಚೂರಾಯಿತು. ಬಗ್ದಾದಿನ ಜಾಫರ್‌ನ ಕತೆ ನಮ್ಮ ನೆಲದಲ್ಲಿ ಮತ್ತೊಮ್ಮೆ ನಡೆದಂತೆ.

ಗವಾನನ ಪಾತ್ರವನ್ನು ಬರೆಯುವ ಕಲಾವಿದನಿಗೆ ಸಾಮಗ್ರಿಯ ಕೊರತೆಯಿಲ್ಲ. ವಜೀರನ ಸಂಪತ್ತು ಎಲ್ಲಿ ಎಂದು ಸುಲ್ತಾನ ಹುಡುಕಿಸಿದಾಗ ಹೆಚ್ಚೇನೂ ಸಿಗಲಿಲ್ಲ, ಆತ ಮಣ್ಣಿನ ಪಾತ್ರೆಯಲ್ಲಿ ಅಡುಗೆ ಮಾಡಿಸಿಕೊಂಡು ಉಣ್ಣುತ್ತಿದ್ದ, ಚಾಪೆಯ ಮೇಲೆ ಮಲಗುತ್ತಿದ್ದ ಎಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಹಾವಿನ ದಂಡದ ಬದಲು ಒಂದು ಮಣ್ಣಿನ ಗಡಿಗೆ, ಒಂದು ಸುತ್ತಿಟ್ಟ ಚಾಪೆ, ಕೈಯಲ್ಲಿ ಒಂದು ಪುಸ್ತಕ. ಹೆಬ್ಬೆಟ್ಟಿನಷ್ಟು ಚಿತ್ರದಲ್ಲೂ ಇಷ್ಟನ್ನು ಬರೆಯಲು ಜಾಗವಿದೆ. ನಿಶಾಪುರದವನಿಗೆ ಕಣ್ಣು ಮೂಗುಗಳೂ ಬೇಕಾಗಿರಲಿಲ್ಲ.

ಆವರಣವೂ ಅಲ್ಲೇ ಇದೆ. 17ನೇ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಮದರಸಾದ ಒಂದು ಪಾರ್ಶ್ವ ಕುಸಿದುಹೋಯಿತು. ಉಳಿದಿರುವ ಒಂದು ಮಿನಾರಿನ ಮೇಲೆ ನೀಲಿ, ಹಸಿರು, ಹಳದಿ ಹೆಂಚುಗಳು ಅಂಕುಡೊಂಕು ಪಟ್ಟಿಗಳಾಗಿ ಇನ್ನೂ ಅಲ್ಲಲ್ಲಿ ಉಳಿದಿವೆ, ಅಕ್ಷರಗಳ ಅಂಚು ಇನ್ನೂ ಓದಲು ಬರುತ್ತದೆ. ಸಿದ್ಧ ತುಂಡುಗಳ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಅದಕ್ಕಾಗಿ ಬೀದರಿಗೇ ಹೋಗಿ, ಕತ್ತೆತ್ತಿ ನಿಂತು, ಒಂದೊಂದು ಹೆಂಚನ್ನೂ ನೋಡಿ ಬರೆದುಕೊಳ್ಳಬೇಕು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಬೀದರ್.